ಇಂಗ್ಲಿಷ್ ಬೋಧನೆಯಲ್ಲಿ ಮನೆಮಾತಿನ ಸ್ಥಾನ
(ಗಡಿನಾಡಿನ ಶಾಲೆಗಳನ್ನು ಕುರಿತು ಒಂದು ವಿಮರ್ಶೆ)

ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸಬೇಕು, ತರಗತಿಯಲ್ಲಿ ಮಗುವಿನ ಮನೆಮಾತು ಕಿವಿಗೆ ಬೀಳಲೇಬಾರದು ಎಂಬ ವಾದ ನಮ್ಮಲ್ಲಿ ಹೊಸತಲ್ಲ. ನೇರ ಬೋಧನಾ ಪದ್ಧತಿ ಎಂಬ ಹೆಸರಿನಿಂದ ಅದು ಬಹುಕಾಲದಿಂದ ಪ್ರಚಾರದಲ್ಲಿದೆ. ಇದಕ್ಕೆ ಎದುರಾಗಿ, ಪಾಠದ ಒಂದೊಂದು ಸಾಲನ್ನೂ ಭಾಷಾಂತರಿಸಿ ಮಕ್ಕಳಿಂದ ಅರ್ಥವನ್ನು ಉರು ಹೊಡೆಸುವ ಹಳೆಯ ರೂಢಿಯೂ ಉಂಟು. ಈ ಎರಡರ ಗುಣದೋಷಗಳನ್ನು ಎಲ್ಲ ಅಧ್ಯಾಪಕ ಬಂಧುಗಳೂ ಬಲ್ಲರು. ಆದರೆ ಗಡಿನಾಡಿನ ಕನ್ನಡ ಮಗುವಿಗೆ ಮೂರನೆಯದೊಂದು ಕಷ್ಟ ಒದಗಿದೆ. ಅದು ಇಂಗ್ಲಿಷಿನ ಅರ್ಥವನ್ನು ತನ್ನದಲ್ಲದ ಇನ್ನೊಂದು ಭಾಷೆಯಲ್ಲಿ ಕೇಳಬೇಕಾಗಿದೆ. ಪ್ರಕೃತ ನಾವು ವಿಚಾರಿಸಹೊರಟಿರುವುದು ಇದನ್ನೇ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕೂ, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕೂ, ನಿರ್ಣಾ ಭಾಗವನ್ನುಳಿದು ಜಹೀರಾಬಾದ್ ತಾಲ್ಲೂಕೂ ಆಂಧ್ರ ಪ್ರದೇಶಕ್ಕೆ ಸೇರಿದುವು. 2014ರ ಜೂನ್ 2ರಿಂದ ಅವು ತೆಲಂಗಾಣದವಾದುವು. ಗಡಿಯ ಗೆರೆ ಒಂದೇ ದಿನದಲ್ಲಿ ಬದಲಾಯಿತು. ಮನೆಮಾತು ಹಾಗೆ ಬದಲಾಗುವುದಲ್ಲ. ಇದನ್ನರಿತೇ ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧಿಸಲು ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬುದು ಅದರ ತಾತ್ಪರ್ಯ.

ನಮ್ಮ ಸೀಮೆಗೆ ಈ ವಿಚಾರದಲ್ಲಿ ಒಂದು ಹಳೆಯ ಪಾಠವೂ ಉಂಟು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನಾ ಮಾಧ್ಯಮವಾಗಿ ಇಟ್ಟುಕೊಂಡು ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಕಲಿಸಿತು. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆ ಸಾಧ್ಯ, ಅದರ ಜೊತೆಯಲ್ಲೇ ಇಂಗ್ಲಿಷೂ ಬರುತ್ತದೆ ಎಂದು ಅದು ತೋರಿಸಿಕೊಟ್ಟಿತು. ತತ್ತ್ವವೇನೋ ಸರಿಯಾದುದೇ. ಆದರೆ ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳಿಗೆ ಉರ್ದು ಮನೆಮಾತಾಗಿರಲಿಲ್ಲ. ತೆಲುಗು, ಮರಾಠಿ, ಕನ್ನಡದ ಮಕ್ಕಳಿಗೆ ಅದೂ ಕಲಿತು ಬರಬೇಕಾದ ಭಾಷೆಯೇ ಆಗಿತ್ತು. ಒಳ್ಳೆಯ ತತ್ತ್ವ ತಪ್ಪು ಮನೆಯ ಬಾಗಿಲು ತಟ್ಟಿತೆಂದು ನಾವು ಭಾವಿಸುತ್ತೇವೆ.

ಈಗ ನಡೆಯುತ್ತಿರುವುದೂ ಅದಕ್ಕೆ ಹತ್ತಿರದ್ದೇ. ತೆಲಂಗಾಣದಲ್ಲಿ 2018ರ ಕಾನೂನಿನಿಂದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯವಾಯಿತು. 2022–23ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ಬಂದಾಗ, ಒಂದು ಪುಟ ಇಂಗ್ಲಿಷ್, ಎದುರು ಪುಟ ತೆಲುಗು ಇರುವ ದ್ವಿಭಾಷಾ ಪಠ್ಯಗಳು ಬಂದುವು. ರಾಜ್ಯದ ಭಾಷೆಯನ್ನು ಕಲಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಕಲಿಯುವುದು ಹಿತವೂ ಹೌದು. ಎದುರು ಪುಟದ ಯೋಜನೆಯನ್ನಂತೂ ನಾವು ಮನಸಾರೆ ಮೆಚ್ಚುತ್ತೇವೆ. ಗೊತ್ತಿರುವ ಮಾತಿನ ಆಸರೆಯಿಲ್ಲದೆ ಹೊಸ ಮಾತು ಬಾರದೆಂಬುದನ್ನು ಸರ್ಕಾರವೇ ಅಲ್ಲಿ ಒಪ್ಪಿದೆ. ನಮ್ಮ ಪ್ರಶ್ನೆ ಒಂದೇ: ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಆ ಎದುರು ಪುಟ ಯಾವುದು?

ಕನ್ನಡ ತೆಲುಗುಗಳು ಅಕ್ಕತಂಗಿಯರಲ್ಲವೆ, ಗಡಿಯ ಮಕ್ಕಳಿಗೆ ತೆಲುಗು ಬರುವುದಿಲ್ಲವೆ ಎಂದು ಕೇಳುವವರುಂಟು. ಸಂತೆಯ ತೆಲುಗು ಬೇರೆ, ಪುಸ್ತಕದ ತೆಲುಗು ಬೇರೆ. ಅಲ್ಲದೆ ನೆಂಟತನವೇ ಕೆಲವೆಡೆ ತೊಡಕಾಗುತ್ತದೆ. 'ವರ್ಡ್' ಎಂದರೆ ತೆಲುಗಿನಲ್ಲಿ 'ಮಾಟ'. ಕನ್ನಡದ ಮಗುವಿಗೆ ಮಾಟವೆಂದರೆ ಮಾಟಮಂತ್ರ. 'ಸಾಂಗ್' ಎಂದರೆ 'ಪಾಟ'. ಮಗುವಿನ ಕಿವಿಗೆ ಅದು ಪಾಠ. 'ಹೌಸ್' ಎಂದರೆ 'ಇಲ್ಲು'. ಅದು ಇಲ್ಲವೆಂಬಂತೆ ಕೇಳುತ್ತದೆ.

ಪದಗಳಿಗಿಂತ ವ್ಯಾಕರಣದ ಸಂಗತಿ ದೊಡ್ಡದು. ಇಂಗ್ಲಿಷಿನಲ್ಲಿ 'ಹೀ', 'ಶೀ', 'ಇಟ್' ಎಂದು ಮೂರು. ಕನ್ನಡದಲ್ಲಿಯೂ ಅವನು ಬಂದನು, ಅವಳು ಬಂದಳು, ಅದು ಬಂದಿತು ಎಂದು ಮೂರು ಬಗೆ. ತೆಲುಗಿನ ಏಕವಚನದಲ್ಲಾದರೋ ಹುಡುಗಿ ಬಂದರೂ ಹಸು ಬಂದರೂ ಕ್ರಿಯಾಪದ 'ವಚ್ಚಿಂದಿ' ಎಂದೇ. ಹೀಗಿರುವಾಗ ಕನ್ನಡದ ಮಗುವಿಗೆ ಈ ಮೂರು ಸರ್ವನಾಮಗಳನ್ನು ತೆಲುಗಿನ ಮೂಲಕ ತಿಳಿಸುವುದು, ಮನೆಯಲ್ಲಿದ್ದ ಏಣಿಯನ್ನು ಬಿಟ್ಟು ನೆರೆಮನೆಯಿಂದ ಮೋಟು ಏಣಿ ತಂದಂತೆ. ವಾಕ್ಯರಚನೆಯಲ್ಲಿ ಮಾತ್ರ ಎರಡು ಭಾಷೆಗಳೂ ಒಂದೇ ದಾರಿ ಹಿಡಿಯುತ್ತವೆಂಬುದನ್ನು ಒಪ್ಪಬೇಕು. 'ಮರದ ಕೆಳಗೆ' ಎಂಬುದು ಇಂಗ್ಲಿಷಿನಲ್ಲಿ 'ಅಂಡರ್ ದ ಟ್ರೀ' ಎಂದು ತಿರುಗುಮುರುಗಾಗುತ್ತದೆ. 'ನನಗೆ ಇಬ್ಬರು ತಮ್ಮಂದಿರಿದ್ದಾರೆ' ಎಂಬಲ್ಲಿನ 'ನನಗೆ' 'ಐ ಹ್ಯಾವ್' ಆಗುತ್ತದೆ. ಈ ಭೇದವನ್ನು ಮಗುವಿನ ಮಾತಿನಲ್ಲಿಯೇ ಒಮ್ಮೆ ಎತ್ತಿ ತೋರಿಸಿದರೆ ತಿಂಗಳ ತಿದ್ದುಪಡಿ ಉಳಿಯುತ್ತದೆ.

ಆದರೆ ಕನ್ನಡದ ಹೆಸರಿನಲ್ಲಿ ಇನ್ನೊಂದು ಅನ್ಯಾಯ ಆಗಕೂಡದು. 'ಬುಲಕ್' ಎಂಬುದಕ್ಕೆ 'ವೃಷಭ'ವೆಂದು ಅರ್ಥ ಬರೆಸಿದರೆ ಮಗುವಿಗೆ ಎರಡು ಪದ ಕಲಿಯುವ ಕಷ್ಟ; 'ಎತ್ತು' ಎಂದರೆ ಮುಗಿಯಿತು. ತಾಂಡೂರಿನ ತೊಗರಿ, ಹಾಸುಗಲ್ಲು, ಜಹೀರಾಬಾದಿನ ಕಬ್ಬು, ಇವು ಇಂಗ್ಲಿಷ್ ವಾಕ್ಯಗಳಲ್ಲಿ ಬರಲಿ. ಅರ್ಥ ಹೇಳಲು, ಭೇದ ತೋರಿಸಲು ಕನ್ನಡ. ಅಭ್ಯಾಸಕ್ಕೆ, ಸಂಭಾಷಣೆಗೆ, ಓದಿಗೆ ಇಂಗ್ಲಿಷ್. ಅರ್ಥ ಹೇಳಿದ ಮೇಲೆ ಕನ್ನಡ ಹಿಂದೆ ಸರಿಯಬೇಕು. ಗಂಟೆಯುದ್ದಕ್ಕೂ ಕನ್ನಡವನ್ನೇ ಆಡಿದರೆ ಇಂಗ್ಲಿಷ್ ಎಂದಿಗೂ ಬಾರದು. ನಾರಾಯಣಖೇಡದ ಕಡೆ ಲಂಬಾಣಿ, ಮರಾಠಿ ಮನೆಮಾತಿನ ಮಕ್ಕಳೂ ಅದೇ ಬೆಂಚಿನಲ್ಲಿ ಕೂರುತ್ತಾರೆ. ನಾವು ಕೇಳುವ ನ್ಯಾಯ ಅವರಿಗೂ ಸಲ್ಲತಕ್ಕದ್ದು. ಅವರ ಹತ್ತು ಮಾತನ್ನಾದರೂ ಉಪಾಧ್ಯಾಯರು ಕಲಿಯಬೇಕು.

ಕನ್ನಡ ಶಾಲೆಯಲ್ಲಿ ಓದಿದರೆ ಇಂಗ್ಲಿಷ್ ಬಾರದು, ಇಂಗ್ಲಿಷ್ ಬಾರದಿದ್ದರೆ ಹೊಟ್ಟೆಪಾಡಿಲ್ಲ ಎಂಬ ಅಂಜಿಕೆಯಿಂದ ತಂದೆತಾಯಿಗಳು ಮಕ್ಕಳನ್ನು ಕನ್ನಡದಿಂದ ಬಿಡಿಸುತ್ತಾರೆ. ಅವರನ್ನು ಭಾಷಾಭಿಮಾನವಿಲ್ಲದವರೆಂದು ಹಳಿದು ಫಲವಿಲ್ಲ. ಕನ್ನಡದ ಮೂಲಕ ಕಲಿತ ಮಗುವೇ ಇಂಗ್ಲಿಷನ್ನು ಅರ್ಥವರಿತು ಓದುತ್ತದೆಂದು ತರಗತಿಯಲ್ಲಿ ತೋರಿಸಿಕೊಡುವುದೇ ಅದಕ್ಕೆ ಉತ್ತರ. ಸರ್ಕಾರ ಎದುರು ಪುಟವನ್ನು ಕನ್ನಡದಲ್ಲಿ ಅಚ್ಚು ಮಾಡಿಕೊಡಲೆಂದು ನಮ್ಮ ಸಂಘ ಕೇಳಬೇಕು. ಅದು ಬರುವವರೆಗೆ ಮೊದಲ ಐದು ತರಗತಿಗಳ ಇಂಗ್ಲಿಷ್ ಪದಗಳಿಗೆ ಮನೆಮಾತಿನ ಅರ್ಥಕೋಶವೊಂದನ್ನು ಮೂರು ತಾಲ್ಲೂಕಿನ ಉಪಾಧ್ಯಾಯರೇ ಸೇರಿ ಸಿದ್ಧಪಡಿಸಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.