ದಂಟಿನ ಜಂತಿ, ರಟ್ಟಿನ ಗೋಡೆ

ವರದಾ ನದಿಯ ದಂಡೆಯ ಹೊಸರಿತ್ತಿಯ ಸುತ್ತಿನ ಹಳ್ಳಿಗಳಲ್ಲಿ ಗೊಂಬೆಮನೆ ಕಟ್ಟುವ ಮಗುವಿಗೆ ಅಂಗಡಿಯ ಹಂಗಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಬಂದ ಹರಕು ಗೋಣಿಚೀಲ, ರಾಣೆಬೆನ್ನೂರಿನ ಬೀಜದ ವ್ಯಾಪಾರದಲ್ಲಿ ಬರಿದಾದ ರಟ್ಟಿನ ಪೆಟ್ಟಿಗೆ, ಖಾಲಿ ಕಡ್ಡಿಪೆಟ್ಟಿಗೆ ಇವೆಲ್ಲ ಕೈಗೆಟುಕುವಲ್ಲೇ ಇರುತ್ತವೆ, ಸುಗ್ಗಿಯ ನಂತರವಂತೂ ಜೋಳದ ದಂಟಿಗೆ ಬರವಿಲ್ಲ.

ಇವುಗಳಲ್ಲಿ ಅತಿ ಹೆಚ್ಚು ಕಲಿಸುವ ವಸ್ತು ದಂಟೇ. ಅದರ ಹೊರಸಿಪ್ಪೆಯನ್ನು ಸೀಳಿದರೆ ಸಿಗುವ ಸಿಬಿರು ಮೊಳೆಯಾಗುತ್ತದೆ, ಒಳಗಿನ ಹಗುರವಾದ ಬೆಂಡು ಆ ಮೊಳೆಯನ್ನು ಹಿಡಿದುಕೊಳ್ಳುವ ಮರವಾಗುತ್ತದೆ. ಹೀಗೆ ಅಂಟು, ದಾರಗಳಿಲ್ಲದೆ ಬಂಡಿ, ಕನ್ನಡಕಗಳನ್ನು ಮಾಡುತ್ತ ಬಂದ ಮಕ್ಕಳು ಅದೇ ವಿದ್ಯೆಯಿಂದ ಮನೆಯನ್ನೂ ಎಬ್ಬಿಸುತ್ತಾರೆ. ಉತ್ತರ ಕರ್ನಾಟಕದ ಮಾಳಿಗೆ ಮನೆಯನ್ನು, ಅಂದರೆ ಮಣ್ಣು ಹಾಸಿದ ಸಮತಟ್ಟು ಚಾವಣಿಯ ಮನೆಯನ್ನು, ಅನುಕರಿಸಹೊರಟ ಮಗು ಎರಡು ರಟ್ಟಿನ ಗೋಡೆಗಳ ಮೇಲೆ ದಂಟಿನ ಜಂತಿಗಳನ್ನು ಅಡ್ಡಲಾಗಿ ಹೊಂದಿಸಿ ಹಸಿಮಣ್ಣು ಮೆತ್ತಿದಾಗ, ಗೋಡೆಗಳ ನಡುವಿನ ಅಂತರ ಹೆಚ್ಚಾಗಿದ್ದರೆ ಜಂತಿ ಬಾಗುತ್ತದೆ. ಆಗ ಉಳಿಯುವುದು ಎರಡೇ ದಾರಿ: ಕೋಣೆಯನ್ನು ಕಿರಿದಾಗಿಸುವುದು, ಇಲ್ಲವೇ ನಡುವೆ ಒಂದು ತೊಲೆಯನ್ನು ಕೊಟ್ಟು ಅದರಡಿ ಕಂಬ ನಿಲ್ಲಿಸುವುದು. ಚಾವಣಿಯ ಭಾರ ಜಂತಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುವ ಕ್ರಮವೂ, ಕಂಬಗಳ ನಡುವಿನ ಅಂತರವಾದ ಅಂಕಣವನ್ನು ಮನಸ್ಸಿಗೆ ಬಂದಂತೆ ಹಿಗ್ಗಿಸಲಾಗದೆಂಬ ಮಿತಿಯೂ ಹೀಗೆ ಕೈಯ ಅನುಭವಕ್ಕೆ ಬರುತ್ತವೆ.

ಪ್ರಮಾಣದ ಪಾಠವನ್ನು ಕಲಿಸುವುದು ಗೊಂಬೆ. ಒಂದು ಗೇಣಿನ ಬಟ್ಟೆಗೊಂಬೆಗೆ ಕಡ್ಡಿಪೆಟ್ಟಿಗೆ ಸಂದೂಕವಾಗಬಲ್ಲದು, ಮಂಚವಾಗಲಾರದು. ಬಾಗಿಲು, ಪಡಸಾಲೆ, ದನಗಳ ಗೋದಲಿ ಎಲ್ಲವೂ ಆ ಗೇಣಿಗೇ ಲೆಕ್ಕ ಒಪ್ಪಿಸಬೇಕು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನೂ ಆಷಾಢದ ಮಂಗಳವಾರಗಳ ಗುಳ್ಳವ್ವನನ್ನೂ ಮಣ್ಣಿನಲ್ಲಿ ಮೂಡಿಸಿದ ಕೈಗಳಿಗೆ ಇದು ತೀರ ಹೊಸದಲ್ಲ.

ಕೈಗೆಲಸವನ್ನೇ ಕಲಿಕೆಯ ಕೇಂದ್ರದಲ್ಲಿಡಬೇಕೆಂಬ ಗಾಂಧೀಜಿಯವರ ವಿಚಾರ 1937ರ ವಾರ್ಧಾ ಸಮ್ಮೇಳನದಲ್ಲಿ ಮೂಲಶಿಕ್ಷಣದ ಯೋಜನೆಯಾಗಿ ರೂಪ ಪಡೆಯಿತು. ಪಾಠದೊಂದಿಗೆ ಹೊಲಗೆಲಸ, ದನಕರುಗಳ ಆರೈಕೆಗಳನ್ನು ಬೆಸೆದ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲ ಅದೇ ಪರಂಪರೆಯದು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 17ನೆಯ ಶತಮಾನದ ಸಿರಿವಂತರು ಮಾಡಿಸಿದ ಗೊಂಬೆಮನೆಗಳೂ ಹೆಣ್ಣುಮಕ್ಕಳಿಗೆ ಗೃಹಕೃತ್ಯ ಕಲಿಸಲು ಬಳಕೆಯಾದವು, ಆದರೆ ಅವನ್ನು ಕಟ್ಟಿದವರು ಕುಶಲಕರ್ಮಿಗಳು, ಮಕ್ಕಳ ಪಾಲಿಗೆ ಉಳಿದದ್ದು ನೋಟವಷ್ಟೇ. ಇಂದಿನ ಶಾಲೆಗಳ ‘ಕಸದಿಂದ ರಸ’ ಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವ ಮನೆಗಳಲ್ಲೂ ತಂದೆತಾಯಿಗಳ ಕತ್ತರಿಯ ನಯವೇ ಹೆಚ್ಚು ಎದ್ದು ಕಾಣುತ್ತದೆಂಬುದನ್ನು ತೀರ್ಪುಗಾರರು ಗಮನಿಸಿದರೆ ಒಳಿತು.

ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಬೆಂಕಿಕಡ್ಡಿಗಳನ್ನು ಜೋಡಿಸುವ ವಿಧಾನವನ್ನು ದೇಶದ ಮಕ್ಕಳಿಗೆ ಪರಿಚಯಿಸಿದ ಅರವಿಂದ ಗುಪ್ತಾ ಅವರ ಮಾದರಿಗಳಲ್ಲಿ ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗುವುದಿಲ್ಲ. ದಂಟಿನ ಚೌಕಟ್ಟು ಒಂದು ಬದಿಗೆ ವಾಲಿದಾಗ ಮೂಲೆಯಿಂದ ಮೂಲೆಗೆ ಸಿಬಿರೊಂದನ್ನು ಓರೆಯಾಗಿ ಚುಚ್ಚಿ ನಿಲ್ಲಿಸುವ ಮಗು ಮಾಡುವುದೂ ಅದನ್ನೇ, ತ್ರಿಕೋನವೆಂಬ ಹೆಸರು ಪಾಠದಲ್ಲಿ ಬರುವುದಕ್ಕೆ ಎಷ್ಟೋ ಮೊದಲು.