ಕ್ಯಾಮೆರಾದ ಮುಂದೆ ನಿಂತವರು

ಚೌಡಾಪುರದಲ್ಲಿ ಹೊರಳಿ ಗಾಣಗಾಪುರಕ್ಕೆ ಹೋಗುವ ಮಂದಿಗೆ ಫೋಟೊ ಅಂದರೆ ಸಾಕ್ಷಿ. ದತ್ತನ ದರ್ಶನ ಆಯ್ತು, ಸಂಗಮದಲ್ಲಿ ಮಿಂದದ್ದಾಯ್ತು, ಬೇಕಾದರೆ ನೋಡಿ. ಕಲಾವಿದೆ ಪುಷ್ಪಮಾಲಾ ಎನ್. ಕೆಣಕುವುದು ಈ ನಂಬಿಕೆಯನ್ನೇ. ಅವರ ಫೋಟೊಗಳಲ್ಲಿ ಎಲ್ಲವೂ ವೇಷ, ಎಲ್ಲವೂ ಪರದೆ.

1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ಟೆರಾಕೋಟಾ ಮೂರ್ತಿಗಳಿಂದ ಹೆಸರು ಮಾಡಿದ ಮೇಲೆ, ತೊಂಬತ್ತರ ದಶಕದ ನಡುವೆ ಫೋಟೊಗೆ ಬಂದರು. ಬಂದದ್ದು ಕ್ಯಾಮೆರಾದ ಹಿಂದಕ್ಕಲ್ಲ, ಮುಂದಕ್ಕೆ. 1996–98ರ ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ ಮುಂಬೈಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಕಥೆ. ಹಳೆಯ ಹಿಂದಿ ಸಿನಿಮಾಗಳ ಸಾಹಸ ನಟಿ ಫಿಯರ್‌ಲೆಸ್ ನಾಡಿಯಾಳನ್ನು ನೆನಪಿಸುವ ಮುಖವಾಡದ ಸಾಹಸಿಯೂ ಅವರೇ, ಕಳೆದುಹೋದ ಅವಳಿ ತಂಗಿಯೂ ಅವರೇ. ಆಮೇಲೆ ಹಿಂದಿ ತಾರೆಯರ ಫೋಟೊ ತೆಗೆದು ಹೆಸರಾಗಿದ್ದ ಜೆ.ಎಚ್. ಠಕ್ಕರ್ ಅವರ ಸ್ಟುಡಿಯೊಗೇ ಹೋಗಿ ನಾಯಕಿಯಾಗಿ ಕೂತರು.

ಶಟರ್ ಒತ್ತಿದ್ದು ಬೇರೆಯವರಾದರೆ ಫೋಟೊ ಇವರದು ಹೇಗೆ? ನಮ್ಮ ಕ್ಯಾಮೆರಾ ಹುಚ್ಚರು ತಪ್ಪದೆ ಎತ್ತುವ ತಕರಾರಿದು. ಕಥೆ, ವೇಷ, ಭಂಗಿ, ರಂಗಸಜ್ಜಿಕೆ ಎಲ್ಲ ಕಟ್ಟಿದವರು ಇವರು ಎನ್ನುವುದು ನನ್ನ ಉತ್ತರ. ಹಾಗಂತ ಫೋಟೊಗ್ರಾಫರ್ ಕ್ಲೇರ್ ಆರ್ನಿ ಅವರ ಹೆಸರು ನುಂಗಿಹಾಕುವುದೂ ನ್ಯಾಯವಲ್ಲ. 2000–04ರಲ್ಲಿ ಇಬ್ಬರೂ ಸೇರಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯೇ ನನ್ನ ಮಟ್ಟಿಗೆ ಪುಷ್ಪಮಾಲಾ ಅವರ ದೊಡ್ಡ ಕೆಲಸ.

ರವಿವರ್ಮನ ಲಕ್ಷ್ಮಿ, ಪತ್ರಿಕೆಯಲ್ಲಿ ಬಂದ ಸರಗಳ್ಳಿಯರು, ಜಯಲಲಿತಾ ಸಿನಿಮಾದ ಒಂದು ಸ್ಟಿಲ್: ಹೀಗೆ ನಾವು ಕಂಡುಂಡ ಹೆಣ್ಣುಚಿತ್ರಗಳನ್ನು ಅವರು ಮತ್ತೆ ಆಡಿ ತೋರಿಸಿದರು. ಅದರಲ್ಲೊಬ್ಬಳು ನಮ್ಮ ಸೀಮೆಯವಳು. ಅಫಜಲಪುರದಿಂದ ಭೀಮೆ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿನ ಆದಿಲ್‌ಶಾಹಿ ಕಾಲದ ಯೋಗಿನಿ ಆಕೆ. ಮೂಲ ಚಿತ್ರ ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿದೆ. ಎತ್ತಿ ಕಟ್ಟಿದ ಜಟೆ, ಮೈತುಂಬ ಒಡವೆ, ಕೈಯಲ್ಲೊಂದು ಮೈನಾ ಹಕ್ಕಿ. ಸುತ್ತ ಆಳೆತ್ತರದ ಹೂಗಿಡಗಳು, ಹಿಂದೆ ದೂರದಲ್ಲಿ ಅರಮನೆ. ಕುಂಚ ಹಿಡಿದವನು ಇಷ್ಟನ್ನೂ ಪುಟ್ಟ ಹಾಳೆಯಲ್ಲಿ ಒಂದೇ ಉಸಿರಿಗೆ ನಂಬಿಸಿಬಿಡುತ್ತಾನೆ. ಫೋಟೊದಲ್ಲಿ ಹಾಗಾಗುವುದಿಲ್ಲ. ಗಿಡಗಳು ಬಣ್ಣ ಬಳಿದವು, ನಿಂತಾಕೆ ಮಾತ್ರ ರಕ್ತಮಾಂಸದವಳು ಎಂದು ಕಣ್ಣಿಗೆ ಥಟ್ಟನೆ ಗೊತ್ತಾಗುತ್ತದೆ. ಆ ಹೊಲಿಗೆಯನ್ನು ಮುಚ್ಚುವ ಗೊಡವೆಗೇ ಅವರು ಹೋಗಿಲ್ಲ. ಇವತ್ತು ಫೋಟೊಶಾಪಿನಲ್ಲಿ ಒರೆಸಿ ನುಣ್ಣಗೆ ಮಾಡುವವರು ಇದೊಂದನ್ನು ನೋಡಬೇಕು.

ಅದೇ ಸರಣಿಯ ಇನ್ನೊಂದು ಕಂತಿನಲ್ಲಿ ಹಿನ್ನೆಲೆಗೆ ಬರಿ ಚೌಕಳಿ. 1869ರಲ್ಲಿ ಜಾನ್ ಲ್ಯಾಂಪ್ರೆ ಎಂಬಾತ ಎರಡೆರಡು ಇಂಚಿನ ಚೌಕ ಬರುವಂತೆ ರೇಷ್ಮೆ ದಾರ ಕಟ್ಟಿ, ಅದರ ಮುಂದೆ ಜನರನ್ನು ನಿಲ್ಲಿಸಿ ಅವರ ಮೈ ಅಳೆಯುವ ಪದ್ಧತಿ ಹೇಳಿಕೊಟ್ಟಿದ್ದ. ಸಾಮ್ರಾಜ್ಯದ ಜನಗಳನ್ನು ಜಾತಿವಾರು ವಿಂಗಡಿಸಲು ಫೋಟೊ ದುಡಿದದ್ದು ಹೀಗೆ. ಪುಷ್ಪಮಾಲಾ ತಮ್ಮ ವೇಷಗಳನ್ನು ಆ ಅಳತೆಗೂ ಒಡ್ಡಿದರು.

ಮುಂದೆ ಬಂದ ಭಾರತಮಾತೆಯ ದೃಶ್ಯಗಳು ನನಗೆ ಅಷ್ಟು ಹಿಡಿಸಲಿಲ್ಲ. ವ್ಯಂಗ್ಯ ತೀರ ಢಾಳಾಯಿತು. 2014ರ ಕೊಚ್ಚಿ ಬಿನಾಲೆಯಲ್ಲಿ ಮತ್ತೆ ಹಳೆಯ ಕಸುವು ಕಂಡಿತು. ವಾಸ್ಕೋ ಡ ಗಾಮಾ ಕಲ್ಲಿಕೋಟೆಯ ಜಾಮೊರಿನ್ ರಾಜನೆದುರು ನಿಂತ ಚಿತ್ರವನ್ನು ಪೋರ್ಚುಗಲ್‌ನ ವೆಲೋಸೊ ಸಲ್ಗಾಡೊ ಬರೆದದ್ದು 1898ರಲ್ಲಿ, ಘಟನೆ ನಡೆದ ನಾನೂರು ವರ್ಷದ ಮೇಲೆ. ಅದನ್ನು ಫೋಟೊದಲ್ಲಿ ಮರುಕಟ್ಟುವಾಗ ಗಾಮಾನ ಪಾತ್ರವನ್ನು ಪುಷ್ಪಮಾಲಾ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.