‘ಸ್ವಯಂಚಾಲಿತ’ವೆಂಬ ಪದದ ವಿಚಾರ

ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯವರು 2025ರ ಜನವರಿಯಲ್ಲಿ ‘ಕಾರ್ಟೆಮಿ’ ಎಂಬ ಕಾರ್-ಟಿ ಚಿಕಿತ್ಸೆಯನ್ನು ಹೊರತಂದರು. ರೋಗಿಯ ರಕ್ತಕೋಶಗಳೇ ಅವನಿಗೆ ಔಷಧವಾಗುವ ಈ ವಿದ್ಯೆಯಲ್ಲಿ, ಯಂತ್ರದಿಂದ ನಡೆಯುವ ಕೋಶಸಂಸ್ಕರಣವನ್ನು ‘ಸ್ವಯಂಚಾಲಿತ’ವೆನ್ನುವ ರೂಢಿಯು ಬಲಿಯುತ್ತಲಿದೆ. ಈ ಪ್ರಯೋಗವು ಯುಕ್ತವೇ ಎಂಬದು ವಿಚಾರಾರ್ಹವು.

ಪಾಣಿನಿಯ ಮತದಲ್ಲಿ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದದ್ದು ಕರಣ. ಜರ್ಮನಿಯ ಮಿಲ್ಟೆನೈ ಸಂಸ್ಥೆಯ ‘ಕ್ಲಿನಿಮ್ಯಾಕ್ಸ್ ಪ್ರಾಡಿಜಿ’ ಎಂಬ ಯಂತ್ರವು ಮುಚ್ಚಿದ ನಳಿಗೆಗಳೊಳಗೇ ಕೋಶಗಳನ್ನು ತೊಳೆಯುತ್ತದೆ, ಅಯಸ್ಕಾಂತದಿಂದ ಟಿ-ಕೋಶಗಳನ್ನು ಆರಿಸುತ್ತದೆ, ವೈರಾಣುವಾಹಕದ ಮೂಲಕ ಹೊಸ ಜೀನನ್ನು ಸೇರಿಸಿ ದಿನಗಟ್ಟಲೆ ಬೆಳೆಯಿಸುತ್ತದೆ. ಇದರಿಂದ ಸೋಂಕಿನ ಭಯವೂ, ಕೈ ಬದಲಾದಂತೆ ಕೆಲಸ ಬದಲಾಗುವ ದೋಷವೂ ತಗ್ಗುವವು. ಇದನ್ನು ಅಲ್ಲಗಳೆಯಲಾಗದು. ಆದರೆ ನಳಿಗೆಗಳನ್ನು ಜೋಡಿಸುವವನು, ನಡುವೆ ಮಾದರಿ ತೆಗೆದು ಪರೀಕ್ಷಿಸುವವನು, ಚೀಲದ ಮೇಲಿನ ಹೆಸರು ಆ ರೋಗಿಯದೇ ಎಂದು ನಿಶ್ಚಯಿಸುವವನು, ಕೊನೆಗೆ ‘ಕೊಡಬಹುದು’ ಎಂದು ರುಜು ಹಾಕುವವನು ಮನುಷ್ಯನೇ. ಕರಣವನ್ನೂ ವಿವಕ್ಷೆಯಿಂದ ಕರ್ತೃವೆನ್ನುವದುಂಟಲ್ಲವೆ ಎಂದರೆ, ಉಂಟು. ಕೊಡಲಿ ಚೆನ್ನಾಗಿ ಕಡಿಯುತ್ತದೆ ಎನ್ನುವ ಹಾಗೆ. ಹೊಗಳುವಾಗ ಅದು ಸಲ್ಲುವದು. ಹೊಣೆಯನ್ನು ಗೊತ್ತುಮಾಡುವಾಗ ಸಲ್ಲದು.

‘ಸಂಸ್ಕರಣ’ವೆಂಬದಾದರೋ ಸೊಗಸಾದ ಮಾತು. ದ್ರವ್ಯಕ್ಕೆ ಬೇರೊಂದು ಗುಣವನ್ನು ತರುವದೇ ಸಂಸ್ಕಾರವೆಂದು ಚರಕನು ಹೇಳುತ್ತಾನೆ. ಹಾಗಿದ್ದರೆ ತೊಳೆಯುವದು, ಆರಿಸುವದು ಬರಿಯ ಶೋಧನ. ಜೀನನ್ನು ಸೇರಿಸುವದೇ ಮುಖ್ಯ ಸಂಸ್ಕಾರ. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೆ ಯಾವ ಹಂತದಲ್ಲಿ ಯಂತ್ರವನ್ನು ಎಷ್ಟು ನಂಬಬೇಕೆಂಬ ವಿವೇಕವೇ ಮಸುಕಾಗುವದು.

‘ಯಂತ್ರಸಾಧಿತ’ವೆಂದರೂ ತೃತೀಯೆಯು ಕರ್ತೃವಿಗೂ ಸಲ್ಲುವದರಿಂದ ಸಂಶಯ ಉಳಿಯುವದು. ‘ಯಂತ್ರಕರಣಕ’ವೆಂಬ ಬಹುವ್ರೀಹಿಯು ಕಿವಿಗೆ ಒರಟಾದರೂ ನಿಸ್ಸಂದಿಗ್ಧವಾದದ್ದು.

ಇದು ಬರಿಯ ಶಬ್ದಕಲಹವೆಂದು ವಾಚಕರು ತಿಳಿಯಬಾರದು. ನವಲಗುಂದ, ಅಣ್ಣಿಗೇರಿಗಳ ಎರೆಹೊಲದ ಹತ್ತಿಯು ಅರಳೆಗಿರಣಿಗೆ ಹೋದರೆ ಹತ್ತು ಮನೆಯದು ಒಂದಾಗುವದು; ಒಂದು ಹೇರು ಕೆಟ್ಟರೆ ಇನ್ನೊಂದು ಬಂದೀತು. ಇಲ್ಲಿ ಒಬ್ಬನ ಕೋಶಗಳು ಅವನೊಬ್ಬನಿಗೇ. ಪ್ರಾಡಿಜಿಯಂಥ ಯಂತ್ರವು ಒಂದು ಸಲಕ್ಕೆ ಒಬ್ಬನ ಕೋಶಗಳನ್ನೇ ಹಿಡಿದಿರುವದರಿಂದ, ಏಕಕಾಲದಲ್ಲಿ ಹತ್ತು ರೋಗಿಗಳಿಗೆ ಹತ್ತು ಯಂತ್ರಗಳು ಬೇಕು; ಯಂತ್ರ ಬಂದೊಡನೆ ಬೆಲೆ ಇಳಿಯುವದೆಂಬ ಗಿರಣಿಯ ಲೆಕ್ಕವು ಇಲ್ಲಿ ಹಾಗೆಯೇ ನಡೆಯದು. ಮೇಲಾಗಿ, ಹಲವು ಸಲ ಕೀಮೋಥೆರಪಿಯನ್ನು ಉಂಡ ರೋಗಿಯ ಕೋಶಗಳು ಬಳಲಿರುತ್ತವೆ, ನಿಯತ ಕ್ರಮದಲ್ಲಿ ಬೆಳೆಯದೆಯೂ ಹೋಗಬಹುದು. ಆಗ ಇನ್ನೆರಡು ದಿನ ಕಾಯಬೇಕೇ, ಇದ್ದಷ್ಟನ್ನೇ ಕೊಡಬೇಕೇ, ಎಲ್ಲವನ್ನೂ ಚೆಲ್ಲಿ ಮತ್ತೆ ರಕ್ತದಿಂದ ಕೋಶಗಳನ್ನು ತೆಗೆಯಬೇಕೇ ಎಂಬದನ್ನು ವೈದ್ಯನೂ ಪ್ರಯೋಗಶಾಲೆಯವನೂ ಕೂಡಿ ನಿರ್ಣಯಿಸಬೇಕು. ಮತ್ತೆ ತೆಗೆಯುವಷ್ಟು ಕಾಲವು ಆ ರೋಗಿಗೆ ಉಳಿದಿರಲಿಕ್ಕಿಲ್ಲ.